ಮಾವನ ಸೊಂಟದ ಕಬ್ಬಿಣ

ನಮ್ಮ ಮಾವನ ಸೊಂಟದಲ್ಲಿ ಒಂದು ಚೂರು ಕಬ್ಬಿಣವಿತ್ತು. ಆ ಒಂದು ಚೂರಿನ ದೆಸೆಯಿಂದ ಆ ವರ್ಷ ಸುಗ್ಗಿ ಮುಗಿದ ಮೇಲೆ ನಮ್ಮ ಮನೆಯಲ್ಲಿ ಯಾರೂ ನೆಟ್ಟಗೆ ಒಂದು ತುತ್ತು ಉಣ್ಣಲಿಲ್ಲ. ಬಡಿಸುವವಳು ನಾನು, ಪಾತ್ರೆ ತೊಳೆಯುವವಳೂ ನಾನು. ಎಷ್ಟು ಅನ್ನ ಹಂದಿಯ ತೊಟ್ಟಿಗೆ ಹೋಯಿತು ಅನ್ನುವುದು ನನಗಿಂತ ಚೆನ್ನಾಗಿ ಇನ್ನಾರಿಗೆ ಗೊತ್ತಿರುತ್ತದೆ?

ಶುರುವಾದದ್ದು ಹೊಸಕ್ಕಿ ಊಟದ ದಿನ. ಹೊಸ ಅಕ್ಕಿಯ ಅನ್ನ, ಹಂದಿಯ ಕೊಬ್ಬು ಹಾಕಿ ಬೇಯಿಸಿದ ಸಾಸಿವೆ ಸೊಪ್ಪು, ಕೊತ್ತಂಬರಿ ಸೇರಿಸಿ ಕುಟ್ಟಿದ ಹಸಿಮೆಣಸಿನಕಾಯಿ. ಮಾವ ವಾ ಲೆಂಗ್ ಮೊದಲು ಚಮಚದಲ್ಲಿ ಅನ್ನ ಎತ್ತಿ ಹಿರಿಯರನ್ನೆಲ್ಲ ಕರೆದರು. ಕೊನೆಗೆ, ಹಿಂದಿನ ವರ್ಷ ತೀರಿಕೊಂಡ ನಮ್ಮ ಅತ್ತೆಯನ್ನು ಕರೆದರು. ಆಮೇಲೆ ತಾವೊಂದು ತುತ್ತು ತಿಂದು, ನಿಧಾನವಾಗಿ ಅಗಿದು ನುಂಗಿ, ಮಗನ ಕಡೆ ತಿರುಗಿದರು.

"ತುವಾ, ಈ ಕಬ್ಬಿಣ ತೆಗೆಸ್ಬೇಕು."

ತುವಾ ನನ್ನ ಗಂಡ. ಜಿಲ್ಲೆಯ ಶಿಕ್ಷಣ ಕಚೇರಿಯಲ್ಲಿ ಕೆಲಸ. "ಯಾವ ಕಬ್ಬಿಣ?" ಅಂದರು.

"ಮನೇಲಿ ಎಷ್ಟು ಕಬ್ಬಿಣ ಇದೆಯೋ? ನನ್ನ ಸೊಂಟದ್ದು."

"ಇಷ್ಟು ವರ್ಷ ಇತ್ತಲ್ಲ ಅಪ್ಪ. ಈಗೇನಾಯ್ತು ಅದಕ್ಕೆ?"

"ಅದಕ್ಕೇನೂ ಆಗಿಲ್ಲ. ನನಗೆ ನೂರಿಪ್ಪತ್ತು ಹತ್ರ ಬಂತು."

ನಾವು, ಲಾವೋ ದೇಶದ ಬೆಟ್ಟಗಳ ಮೋಂಗ್ ಜನ, ಹಿರಿಯರ ಎದುರು ಸಾವು ಎಂಬ ಮಾತನ್ನು ಬಾಯಿಗೆ ತರುವುದಿಲ್ಲ, ನೂರಿಪ್ಪತ್ತು ತುಂಬುವುದು ಅನ್ನುತ್ತೇವೆ. ಮಾವನಿಗೆ ಆಗ ಎಪ್ಪತ್ತೂ ಆಗಿರಲಿಲ್ಲ. ಆದರೆ ಮಳೆಗಾಲದಲ್ಲಿ ಹಿಡಿದ ಕೆಮ್ಮು ಬಿಟ್ಟಿರಲಿಲ್ಲ, ಅದು ಬಿಡುವ ಕೆಮ್ಮಲ್ಲ ಎಂದು ಅವರಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು.

"ಕಬ್ಬಿಣ ಇಟ್ಕೊಂಡು ಮಣ್ಣಿಗೆ ಹೋಗಬಾರದು," ಅಂದರು ಮಾವ. "ಹೋದ್ರೆ ನನಗೇನೂ ಆಗಲ್ಲ. ಹಿಂದೆ ಉಳಿದೋರಿಗೆ ಆಗತ್ತೆ. ಈ ಡೆರ್ ಹೆರೋ ಮಗು ಕುಂಟತ್ತೆ."

ಡೆರ್ ನನ್ನ ಮಗಳು, ಫೋನ್ಸವಾನ್ ಪಟ್ಟಣದಲ್ಲಿ ಹೈಸ್ಕೂಲು ಓದುತ್ತಿದ್ದವಳು. "ತಾತ, ನನಗಿನ್ನೂ ಮದುವೆನೇ ಆಗಿಲ್ಲ," ಅಂದಳು.

"ಆಗಲ್ಲ ಅಂತ ನಾನೆಲ್ಲಿ ಹೇಳ್ದೆ? ಅನ್ನ ತಿನ್ನು."

ಈ ಕಬ್ಬಿಣದ ವಿಷಯ ಹೇಳಬೇಕು. ಊರಿಗೆಲ್ಲ ಗೊತ್ತಿದ್ದ ಕಥೆ ಏನೆಂದರೆ, ಮಾವ ಹೊಲ ಅಗೆಯುವಾಗ, ಯುದ್ಧದ ಕಾಲದಲ್ಲಿ ವಿಮಾನದಿಂದ ಬಿದ್ದು ಸಿಡಿಯದೆ ಮಣ್ಣಿನಲ್ಲಿ ಹೂತಿದ್ದ ಹಳೆಯ ಬಾಂಬಿಗೆ ಗುದ್ದಲಿ ತಗುಲಿತು, ಅದು ಸಿಡಿದು ಚೂರು ಸೊಂಟಕ್ಕೆ ಹೊಕ್ಕಿತು. ನಮ್ಮ ಕಡೆ ಇದನ್ನು ಕೇಳಿ ಯಾರೂ ಹುಬ್ಬೇರಿಸುವುದಿಲ್ಲ. ನಮ್ಮ ಹಂದಿ ಮುಸುರೆ ಕುಡಿಯುವ ತೊಟ್ಟಿಯೇ ಒಂದು ಬಾಂಬಿನ ಅರ್ಧ ಚಿಪ್ಪು.

ನಿಜ ಸಂಗತಿ ಬೇರೆ. ಒಂದೇ ದೇಶದವರು, ಒಂದೇ ಮನೆತನದವರು ಎರಡು ಪಾಲಾಗಿ ಹೊಡೆದಾಡಿದ ಯುದ್ಧವದು. ಅದರಲ್ಲಿ ಮಾವ ಹದಿನೈದನೆಯ ವಯಸ್ಸಿಗೇ ಬಂದೂಕು ಹಿಡಿದವರು. ರಾಜನ ಕಡೆ, ಅಂದರೆ ಸೋತ ಕಡೆ. ಎಲ್ಲ ಮುಗಿದು ಕಾಡಿನಿಂದ ಇಳಿದು ಬಂದ ಮೇಲೆ, ಗೆದ್ದ ಕಡೆಯ ಹುಡುಗರು ಬಾಗಿಲಿಗೆ ಬಂದು ಕುಂಟುವ ಈ ಕಾಲಿಗೆ ಏನಾಯಿತು ಎಂದು ಕೇಳಿದರಂತೆ. ಮಾವ ಬಾಯಿ ತೆರೆಯುವ ಮೊದಲೇ ಅತ್ತೆ, ಬೆನ್ನಿಗೆ ಕೂಸು ಕಟ್ಟಿಕೊಂಡು ನಿಂತಿದ್ದವರು, "ಹೊಲ ಅಗೀತಿದ್ರು" ಅಂದುಬಿಟ್ಟರು. ಆ ಮಾತು ಮಾವನ ಜೀವ ಉಳಿಸಿತು. ಬೆನ್ನ ಮೇಲಿದ್ದ ಕೂಸು ನನ್ನ ಗಂಡ.

ಆಮೇಲೆ ಆ ಮಾತು ಮನೆಯಲ್ಲಿ ಬೇರುಬಿಟ್ಟಿತು. ಬಾಂಬಿನಿಂದ ಗಾಯಗೊಂಡವರ ದಿನ ಎಂದು ವರ್ಷಕ್ಕೊಮ್ಮೆ ಜಿಲ್ಲೆಯಲ್ಲಿ ಸಭೆ ಮಾಡುತ್ತಾರೆ. ಮಾವ ವೇದಿಕೆಯ ಮೇಲೆ ಕುರ್ಚಿ ಹಾಕಿ ಕೂತು ಅಲ್ಲಿ ಕೊಡುವ ಒಂದು ಕಂಬಳಿ ತೆಗೆದುಕೊಂಡು ಬರುತ್ತಿದ್ದರು. ಹೊದ್ದದ್ದು ಮಾತ್ರ ಕಾಣೆ. ಪೆಟ್ಟಿಗೆಯ ತುಂಬ ಆ ಕಂಬಳಿಗಳೇ.

"ಅವಳಿರೋವರೆಗೂ ಅವಳ ಮಾತು ಮೀರ್ಲಿಲ್ಲ," ಅಂದರು ಮಾವ ಆವತ್ತು. "ಅವಳು ಹೋದಳು. ಅವಳು ಹೇಳಿದ ಸುಳ್ಳೂ ಅವಳ ಜೊತೆ ಹೋಯ್ತು. ನಾನು ಹೊಲ ಅಗೀತಿರ್ಲಿಲ್ಲ. ನಿಂತಿದ್ದೆ. ಕೈಯಲ್ಲಿ ಬಂದೂಕಿತ್ತು."

"ಮೆಲ್ಲಗೆ ಮಾತಾಡಪ್ಪ."

"ಯಾಕೆ? ಹಂದಿ ಹೋಗಿ ಚಾಡಿ ಹೇಳತ್ತಾ?"

ನನ್ನ ಗಂಡ ಅನ್ನದ ಬಟ್ಟಲು ಕೆಳಗಿಟ್ಟು ಎದ್ದುಹೋದರು. ಹಂದಿಗೆ ಹಬ್ಬವಾಯಿತು.

ಅವರ ಕಷ್ಟ ಅವರಿಗೆ. ಕಚೇರಿಯ ಮುಖ್ಯಸ್ಥರು ಬೇರೆ ಊರಿಗೆ ಹೋಗುವವರಿದ್ದರು. ಆ ಕುರ್ಚಿ ಇವರಿಗೇ ಎಂದು ಎಲ್ಲರೂ ಹೇಳುತ್ತಿದ್ದರು. ಅಂಥ ಕೆಲಸಕ್ಕೆ ಏರಿಸುವ ಮೊದಲು ಅಪ್ಪ ಏನಾಗಿದ್ದ, ಅಜ್ಜ ಏನಾಗಿದ್ದ ಎಂದೆಲ್ಲ ವಿಚಾರಿಸುತ್ತಾರೆ. ಇವರು ಅಪ್ಪ ರೈತ ಎಂದು ಹೇಳಿ ಕೂತಿದ್ದರು. ಆ ಕುರ್ಚಿ ನನಗೂ ಬೇಕಿತ್ತು, ಸುಳ್ಳು ಯಾಕೆ ಹೇಳಲಿ? ಪಟ್ಟಣದಲ್ಲಿ ಮನೆ ಕೊಡುತ್ತಾರೆ, ನಲ್ಲಿ ಇರುತ್ತದೆ, ಚಳಿಗಾಲದ ಬೆಳಗ್ಗೆ ಹಳ್ಳದಿಂದ ನೀರು ಹೊರುವುದು ತಪ್ಪುತ್ತದೆ.

ಆ ದಿನಗಳಲ್ಲೇ ನಾನು ಮಾವನ ನೂರಿಪ್ಪತ್ತರ ಬಟ್ಟೆ ಹೊಲಿಯುತ್ತಿದ್ದೆ. ನಾರಿನ ಬಟ್ಟೆ, ನಾರಿನದೇ ಮೆಟ್ಟು. ಅತ್ತೆಯೇ ನೂತು ನೇಯ್ದಿಟ್ಟಿದ್ದ ನಾರು ಅದು. ಅದರಲ್ಲಿ ಒಂದು ಕೊಕ್ಕೆ ಇರಬಾರದು, ಒಂದು ಗುಂಡಿ ಇರಬಾರದು, ಮುರಿದ ಸೂಜಿಯ ಮೊನೆ ಕೂಡ ಇರಬಾರದು. ಜಗಲಿಯ ಬಿಸಿಲಿನಲ್ಲಿ ಕೂತು ಅಂಗಿಯ ಹೊಲಿಗೆ ಹೊಲಿಗೆಯನ್ನೂ ಬೆರಳಿನಿಂದ ಒತ್ತಿ ನೋಡುತ್ತಿದ್ದಾಗ ಮಾವ ಎದುರಿಗೆ ಬಂದು ಕೂತರು.

"ಏನಮ್ಮ ಹುಡುಕ್ತಿದೀಯ?"

"ಸೂಜಿ ಮೊನೆ ಮುರೀತು ಮಾವ. ಇದರಲ್ಲೇನಾದ್ರೂ ಸೇರ್ಕೊಂಡಿದೆಯಾ ಅಂತ."

"ಸೂಜಿ ಮೊನೆಗೇ ಇಷ್ಟು ಹೆದರ್ತೀಯ. ಇದಕ್ಕೇನು ಮಾಡ್ತೀಯ?" ಎಂದು ಸೊಂಟ ತಟ್ಟಿ ತೋರಿಸಿದರು. ಒಣಗಿದ ಮೈ. ಚರ್ಮದ ಕೆಳಗೆ ಅದು ಒಂದು ಕಡೆ ಎದ್ದು ಕಾಣುತ್ತಿತ್ತು.

ಅಂಗಿ ಮಡಿಚಿಡುವಾಗ ನನಗೆ ನನ್ನ ಮೇಲೇ ಸಿಟ್ಟು ಬಂತು. ಬಟ್ಟೆಯನ್ನು ಇಷ್ಟು ಚೊಕ್ಕ ಮಾಡಿ ಒಳಗಿನದನ್ನು ಹಾಗೇ ಕಳಿಸುವುದಾದರೆ ನಾನು ಹೊಲಿಯುತ್ತಿರುವುದು ಯಾವ ಚಂದಕ್ಕೆ? ಆವತ್ತು ಊಟಕ್ಕೆ ಕೂತಾಗ ಗಂಡನಿಗೆ ಹೇಳಿದೆ: "ಆಸ್ಪತ್ರೆಗೆ ಕರ್ಕೊಂಡು ಹೋಗಿ. ತೋರಿಸೋದಕ್ಕೆ ಏನು ದಾಡಿ?"

"ನೀನೂ ಶುರು ಮಾಡಿದ್ಯಾ?"

"ನಾನು ಶುರು ಮಾಡಿದ್ರೆ ನಿಲ್ಲಿಸಲ್ಲ, ನಿಮಗೆ ಗೊತ್ತಲ್ಲ."

ಪಟ್ಟಣದ ಆಸ್ಪತ್ರೆಗೆ ಮೂವರೂ ಹೋದೆವು. ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು. ಸೊಂಟ ಮುಟ್ಟಿ ನೋಡಿ, ಚಿತ್ರ ತೆಗೆಸಿ, ಚೂರು ಮೇಲಕ್ಕೆ ಬಂದಿದೆ, ತೆಗೆಯಬಹುದು, ಆದರೆ ಎದೆ ಚೆನ್ನಾಗಿಲ್ಲವಾದ್ದರಿಂದ ಹುಷಾರಾಗಿ ಮಾಡಬೇಕು ಅಂದಳು. ಆಮೇಲೆ, "ಹೇಗಾಯ್ತು ಇದು?" ಎಂದು ಕೇಳಿದಳು.

"ಹೊಲ ಅಗೀವಾಗ," ಅಂದರು ನನ್ನ ಗಂಡ. ನಾಲಿಗೆಯ ತುದಿಯಲ್ಲೇ ಇತ್ತು ಮಾತು.

"ಹಾಗಿದ್ರೆ ದುಡ್ಡೇನೂ ಬೇಡ. ಬಾಂಬಿನ ಗಾಯಕ್ಕೆ ಅಂತ ಬೇರೆ ನಿಧಿ ಇದೆ, ಅವರೇ ಕೊಡ್ತಾರೆ."

"ಹೊಲ ಅಲ್ಲಮ್ಮ," ಅಂದರು ಮಾವ. "ಬೆಟ್ಟ. ಮೋರ್ಟಾರಿನ ಗುಂಡು. ನಾನು ಸಿಪಾಯಿ."

ಡಾಕ್ಟರಮ್ಮ ಒಮ್ಮೆ ಇವರ ಮುಖ ನೋಡಿದಳು, ಒಮ್ಮೆ ಅವರ ಮುಖ ನೋಡಿದಳು. "ಅಜ್ಜ, ನನಗೆ ಯಾವುದಾದ್ರೂ ಒಂದೇ. ಆದ್ರೆ ಆ ನಿಧಿ ಯುದ್ಧ ಮುಗಿದ ಮೇಲೆ ಮಣ್ಣಲ್ಲಿ ಉಳಿದ ಬಾಂಬಿಗೆ ಮಾತ್ರ. ಸಿಪಾಯಿ ಅಂದ್ರೆ ನೀವೇ ಕಟ್ಟಬೇಕಾಗತ್ತೆ."

"ಕಟ್ತೀನಿ."

"ಯಾವ ದುಡ್ಡಲ್ಲಿ ಕಟ್ತೀಯ?" ನನ್ನ ಗಂಡ ಮೋಂಗ್ ಮಾತಿಗೆ ತಿರುಗಿದರು, ಡಾಕ್ಟರಮ್ಮನಿಗೆ ತಿಳಿಯದಿರಲಿ ಎಂದು. "ಒಂದು ಮಾತು ಹೇಳಿದ್ರೆ ಬಿಟ್ಟಿ ಆಗತ್ತೆ. ಗುದ್ದಲಿ ಅನ್ನು ಸಾಕು. ಕಬ್ಬಿಣನೂ ಹೋಗತ್ತೆ, ಗಲಾಟೆನೂ ಇರಲ್ಲ."

"ಕಬ್ಬಿಣ ತೆಗೆದು ಸುಳ್ಳನ್ನ ಅದೇ ಜಾಗದಲ್ಲಿ ಇಟ್ಟು ಹೊಲೀತಾರೆ. ಅದೂ ಬೇಡ ನನಗೆ. ಎತ್ತು ಮಾರು."

ಬಸ್ಸಿನಲ್ಲಿ ಬರುವಾಗ ನನ್ನ ಗಂಡ ಕಿಟಕಿಯ ಕಡೆ ಮುಖ ಮಾಡಿ ಕೂತರು. ಎತ್ತು ಮಾರು ಅಂದರೆ ಸಾಮಾನ್ಯ ಮಾತಲ್ಲ. ಅದು ಉಳುವ ಎತ್ತಲ್ಲ. ಮಾವನಿಗಾಗಿಯೇ ಸಾಕಿದ್ದು, ಕರಿಯ ಎತ್ತು, ಕೊಬ್ಬಿ ಮೈ ಮಿರಮಿರ ಮಿನುಗುತ್ತಿತ್ತು. ಅಪ್ಪ ಹೋದ ದಿನ ಮಗನಾದವನು ಅವರ ಹೆಸರಲ್ಲಿ ಎತ್ತು ಕಡಿಸಿ ಕೊಡಬೇಕು. ಕೊಡದವನನ್ನು ನಮ್ಮ ಮುವಾ ಮನೆತನದವರು ಸಾಯುವವರೆಗೂ ಆಡಿಕೊಳ್ಳುತ್ತಾರೆ. ಮದುವೆ ಮನೆಯಲ್ಲಿ ಕೂತರೂ ಅದೇ ಮಾತು, ಹೊಲದ ಬದುವಿನಲ್ಲಿ ನಿಂತರೂ ಅದೇ ಮಾತು.

ಹೊಸವರ್ಷದ ಹಬ್ಬ ಬಂತು. ನನ್ನ ಗಂಡ, ಆ ಕುರ್ಚಿ ಯಾರಿಗೆಂದು ಹೇಳಬೇಕಾದ ಮೇಲಿನವರಾದ ಸೋಂಫೋನ್ ಸಾಹೇಬರನ್ನು ಊಟಕ್ಕೆ ಕರೆದಿದ್ದರು. ಒಳ್ಳೆಯ ಮನುಷ್ಯರು, ಕೆಳನಾಡಿನ ಲಾವೋ ಜನ. ನಾನೂ ಡೆರ್‌ಳೂ ಅಂಟಕ್ಕಿ ಬೇಯಿಸಿ, ಮರದ ದೋಣಿಯಲ್ಲಿ ಹಾಕಿ ಕುಟ್ಟಿ ಕುಟ್ಟಿ ರೊಟ್ಟಿ ತಟ್ಟಿದೆವು. ಒಂದು ಹಂದಿ ಕಡಿದದ್ದಾಯಿತು. ಮನೆತನದ ಹಿರಿಯ ಅಂತ ಚೆರ್ ಬ್ಲಿಯಾ ಚಿಕ್ಕಪ್ಪನೂ ಬಂದಿದ್ದ. ಅವನು ಮಾವನಿಗೆ ದಾಯಾದಿ ತಮ್ಮ, ಊರಿನ ಕಮ್ಮಾರ, ಆ ಯುದ್ಧದಲ್ಲಿ ಗೆದ್ದ ಕಡೆ ಇದ್ದವನು. ಅವನ ಮನೆಯ ಗೋಡೆಯ ಮೇಲೆ ಪದಕಗಳಿವೆ. ನಮ್ಮ ಮನೆಯ ಪೆಟ್ಟಿಗೆಯಲ್ಲಿ ಕಂಬಳಿಗಳಿವೆ. ಇಬ್ಬರೂ ಒಟ್ಟಿಗೆ ಕುಡಿಯುತ್ತಾರೆ. ಯುದ್ಧದ ಮಾತು ಒಂದು ದಿನವೂ ಆಡಿದ್ದಿಲ್ಲ.

ಊಟದ ಮೊದಲು ಗಂಡ ಮಾವನ ಹತ್ತಿರ ಹೋಗಿ, "ಇವತ್ತೊಂದು ದಿನ ಬಾಯಿಗೆ ಬೀಗ ಹಾಕ್ಕೊಳ್ಳಪ್ಪ, ಕೈ ಮುಗೀತೀನಿ," ಅಂದದ್ದು ನಾನೇ ಕೇಳಿಸಿಕೊಂಡೆ.

"ನಾನಾಗೇ ಏನೂ ಎತ್ತಲ್ಲ," ಅಂದರು ಮಾವ. "ಕೇಳಿದ್ರೆ ಮಾತ್ರ ಹೇಳ್ತೀನಿ."

ಕೇಳದೆ ಇರುತ್ತಾರೆಯೇ? ಎರಡು ಗುಟುಕು ಸಾರಾಯಿ ಇಳಿದ ಮೇಲೆ ಸೋಂಫೋನ್ ಸಾಹೇಬರು ಬಹಳ ಪ್ರೀತಿಯಿಂದಲೇ ಕೇಳಿದರು. "ಅಜ್ಜ, ನಿಮಗೆ ಬಾಂಬು ತಗುಲಿದ ಹೊಲ ಯಾವ ಕಡೆಗಿದೆ? ಹೇಳಿದ್ರೆ ಅಲ್ಲಿ ಇನ್ನೂ ಏನಾದ್ರೂ ಉಳಿದಿದೆಯಾ ಅಂತ ಹುಡುಕಿಸ್ತೀನಿ."

"ಹೊಲ ಇಲ್ಲ ಸಾಹೇಬ್ರೆ. ಬೆಟ್ಟ."

ನನ್ನ ಗಂಡ, "ಅಪ್ಪ, ಮಾಂಸ ತಗೋ," ಅಂದರು.

"ತಗೊಂಡಿದೀನಿ." ಮಾವ ಸೌಟನ್ನು ಪಕ್ಕಕ್ಕೆ ಸರಿಸಿದರು. "ಆ ಕಡೆ ಬೆಟ್ಟದ ತುದಿ. ನಾವು ಮೇಲಿದ್ವಿ. ನಮ್ಮಲ್ಲಿ ದೊಡ್ಡೋನು ಅಂದ್ರೆ ನಾನು, ನನಗೇ ಇಪ್ಪತ್ತು ಆಗಿರ್ಲಿಲ್ಲ. ಉಳಿದೋರಿಗೆ ಮೀಸೆ ಬಂದಿರ್ಲಿಲ್ಲ. ಬಂದೂಕು ನೆಲಕ್ಕೂರಿದ್ರೆ ಹುಡುಗನ ಕಿವಿವರೆಗೂ ಬರೋದು. ಉಳೋರು ಯಾರೂ ಇಲ್ಲ, ವಿಮಾನದಿಂದ ಅಕ್ಕಿ ಮೂಟೆ ಬಿದ್ರೆ ಊಟ, ಇಲ್ಲದಿದ್ರೆ ಗೆಡ್ಡೆ. ಅವತ್ತು ಮೂಟೆ ಇಳಿಜಾರಲ್ಲಿ ಬಿತ್ತು. ತರೋಕೆ ಹೋದಾಗ ಕೆಳಗಿಂದ ಹೊಡೆದ್ರು. ಎಲ್ಲಾ ಮಲಗಿದ್ರು. ಒಬ್ಬ ಹುಡುಗ ಮಾತ್ರ ಮೂಟೆ ಬಿಡದೆ ಎಳೀತಾ ಇದ್ದ. ಹಸಿವು. ನಾನು ಎದ್ದು ನಿಂತೆ, ಅವನನ್ನ ಎಳ್ಕೊಂಡು ಬರೋಣ ಅಂತ. ಆಗ ಬಿತ್ತು."

"ಆ ಹುಡುಗ ಏನಾದ ತಾತ?" ಅಂದಳು ಡೆರ್. ಇಷ್ಟು ವರ್ಷದಲ್ಲಿ ಅವಳು ಈ ಕಥೆ ಕೇಳಿದ್ದು ಅದೇ ಮೊದಲು.

"ಅವತ್ತು ಉಳಿದ. ಮುಂದಿನ ಮಳೆಗಾಲದಲ್ಲಿ ಹೋದ."

ಮಾವ ಚೆರ್ ಬ್ಲಿಯಾನ ಕಡೆ ಗಲ್ಲ ಎತ್ತಿ ತೋರಿಸಿದರು. "ಕೆಳಗಿಂದ ಹೊಡೆದೋರಲ್ಲಿ ಇವನೂ ಇದ್ದ. ಮೋರ್ಟಾರು ಇವನ ಹತ್ರನೇ ಇತ್ತು."

ಚೆರ್ ಬ್ಲಿಯಾ ಬಾಯಲ್ಲಿದ್ದ ಮೂಳೆ ತೆಗೆದು, "ಮಂಜಿತ್ತು. ಏನೂ ಕಾಣ್ತಿರ್ಲಿಲ್ಲ," ಅಂದ.

"ಕಾಣ್ದೇ ಇದ್ರೂ ಹೊಡೆದ್ಯಲ್ಲ. ನೋಡು, ಇದು ನಿಂದೇ ಇರ್ಬೇಕು. ತೆಗೆಸಿ ವಾಪಸ್ ಕೊಡ್ತೀನಿ."

ಸೋಂಫೋನ್ ಸಾಹೇಬರು ಲೋಟ ಕೆಳಗಿಟ್ಟರು. "ಅಜ್ಜ, ಹಬ್ಬದ ದಿನ ಈ ಮಾತೆಲ್ಲ ಯಾಕೆ?"

"ನೀವು ಕೇಳಿದ್ರಿ. ನಾನು ಒಳ್ಳೇದು ಮಾಡಿದೆ ಅಂತ ಹೇಳ್ತಿಲ್ಲ ಸಾಹೇಬ್ರೆ. ಮಾಡಿದ್ದನ್ನ ಹೇಳ್ತಿದೀನಿ."

ಸಾಹೇಬರು ಇನ್ನೊಂದು ತುತ್ತು ರೊಟ್ಟಿ ತಿಂದು, ಚೆನ್ನಾಗಿದೆ ಎಂದು ನನಗೆ ಹೇಳಿ, ಕತ್ತಲಾಗುವ ಮೊದಲು ಹೊರಡಬೇಕು ಎಂದು ಎದ್ದರು. ಹೊರಗಿನ್ನೂ ಸುಡುಬಿಸಿಲಿತ್ತು.

ಅವರ ಗಾಡಿ ತಿರುವು ದಾಟಿದ್ದೇ ತಡ, ನನ್ನ ಗಂಡ ಅಂಗಳದಲ್ಲೇ ಶುರು ಮಾಡಿದರು. "ಆಯ್ತಾ? ಸಮಾಧಾನ ಆಯ್ತಾ ನಿನಗೆ? ಇಷ್ಟು ವರ್ಷ ಕತ್ತೆ ಹಾಗೆ ದುಡಿದದ್ದು ಒಂದೂಟಕ್ಕೆ ಮಣ್ಣುಪಾಲಾಯ್ತು."

"ನೀನು ದುಡಿದದ್ದು ನಿನ್ನ ಹೆಸರಲ್ಲಿ ದುಡಿ. ನನ್ನ ಕಾಲು ಅಡ ಇಡಬೇಡ."

"ಆ ಸುಳ್ಳಿಂದಲೇ ನೀನು ಬದುಕಿದ್ದು."

"ಹೌದು. ಬದುಕೋಕೆ ಬೇಕಿತ್ತು, ಇಟ್ಕೊಂಡೆ. ಹೋಗೋಕೆ ಬೇಡ."

"ಎತ್ತು ಮಾತ್ರ ಮಾರಲ್ಲ. ನಾನು ಮಗ. ನಾಳೆ ಜನ ನನ್ನ ಮುಖಕ್ಕೆ ಉಗೀತಾರೆ."

"ಎತ್ತಿಲ್ಲದೆ ಹೋಗ್ತೀನಿ ನಾನು. ಕಬ್ಬಿಣ ಇಟ್ಕೊಂಡು ಹೋಗಲ್ಲ."

ಆ ದಿನದಿಂದ ಅಪ್ಪ ಮಗ ಒಂದೇ ಹೊತ್ತಿಗೆ ಊಟಕ್ಕೆ ಕೂರುವುದು ನಿಂತಿತು. ನಾನು ಎರಡೆರಡು ಸಲ ಬಡಿಸಬೇಕು, ಎರಡೆರಡು ಸಲ ಸೊಪ್ಪಿನ ನೀರು ಬಿಸಿ ಮಾಡಬೇಕು. ಒಬ್ಬರ ಮಾತನ್ನು ಇನ್ನೊಬ್ಬರಿಗೆ ದಾಟಿಸುವ ಕೆಲಸವೂ ನನ್ನದೇ. "ನಿನ್ನ ಮಾವನಿಗೆ ಹೇಳು," "ನಿನ್ನ ಗಂಡನಿಗೆ ಹೇಳು." ಸಾಕಾಗಿಹೋಯಿತು ನನಗೆ. ಒಂದು ಸಂತೆಯ ದಿನ ಇವರು ಕಚೇರಿಗೆ ಹೋದ ಮೇಲೆ ಎತ್ತಿನ ಹಗ್ಗ ಬಿಚ್ಚಿದೆ.

ಡೆರ್ ಬಾಗಿಲಲ್ಲಿ ನಿಂತು, "ಅಮ್ಮ, ಅಪ್ಪ ಸುಮ್ನೆ ಬಿಡಲ್ಲ," ಅಂದಳು.

"ಬಿಡದೇ ಇರ್ಲಿ. ಹಂದಿಗೆ ನೀರಿಡು."

ಹೆಂಗಸು ಎತ್ತು ಹೊಡೆದುಕೊಂಡು ಸಂತೆಗೆ ಬಂದದ್ದು ನೋಡಿ ವ್ಯಾಪಾರಿ ಹಲ್ಲು ಕಿಸಿದ. "ಗಂಡ ಇಲ್ವಾ?" ಅಂದ.

"ಇದಾರೆ. ಅವರನ್ನ ಮಾರ್ತಿಲ್ಲ. ಎತ್ತಿನ ಬೆಲೆ ಹೇಳು."

ಆಮೇಲೆ ಅವನು ಹಲ್ಲು ಕಿಸಿಯಲಿಲ್ಲ. ಒಳ್ಳೆಯ ಬೆಲೆಯೇ ಬಂತು.

ಸಂಜೆ ಖಾಲಿ ಕೊಟ್ಟಿಗೆ ನೋಡಿ ನನ್ನ ಗಂಡನ ಮುಖ ಬಿಳಿಚಿತು. "ಯಾರನ್ನ ಕೇಳಿ ಮಾರಿದೆ? ಎತ್ತು ನಂದು."

"ಎತ್ತು ಅವರದ್ದು. ಹುಲ್ಲು ಹಾಕಿದ್ದು ನಾನು. ನೀವು ಅದರ ಬೆನ್ನು ತಟ್ಟಿದ್ದು ಎಷ್ಟು ಸಲ ಹೇಳಿ ನೋಡೋಣ."

"ನಾಳೆ ಚಿಕ್ಕಪ್ಪ ಬಂದು ಎತ್ತೆಲ್ಲಿ ಅಂತ ಕೇಳಿದ್ರೆ ಏನು ಹೇಳ್ಲಿ?"

"ಮಾರಿ ಏನು ಮಾಡಿದ್ವೋ ಅದನ್ನ ಹೇಳಿ."

"ಬಾಯಿ ಬಂತು ನಿನಗೆ."

"ಮುಂಚೆನೇ ಇತ್ತು. ಇವತ್ತು ಕೆಲಸಕ್ಕೆ ಬಂತು." ಅಂದವಳೇ ಖಾಲಿ ಕೊಟ್ಟಿಗೆ ಗುಡಿಸಲು ಹೋದೆ.

ಆಸ್ಪತ್ರೆಗೆ ನಾನೂ ಡೆರ್‌ಳೂ ಹೋದೆವು. ನನ್ನ ಗಂಡ ಬರಲಿಲ್ಲ. ಡಾಕ್ಟರಮ್ಮ ಚೂರನ್ನು ಒಂದು ಸಣ್ಣ ಗಾಜಿನ ಶೀಶೆಯಲ್ಲಿ ಹಾಕಿ ಕೊಟ್ಟಳು. ಜೋಳದ ಕಾಳಿಗಿಂತ ಸ್ವಲ್ಪ ದೊಡ್ಡದು, ಕಪ್ಪಗೆ, ಒಂದು ಕಡೆ ಮೊನಚು. ಮಾವ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಇಷ್ಟೇನಾ?" ಅಂದರು. ಅವರಿಗೆ ಸ್ವಲ್ಪ ಬೇಸರವೇ ಆದಂತೆ ಕಂಡಿತು. "ನಾನು ಮೊಟ್ಟೆಯಷ್ಟಾದ್ರೂ ಇರತ್ತೆ ಅಂದ್ಕೊಂಡಿದ್ದೆ."

ನಡೆಯಲು ಬಂದ ಮೇಲೆ ಮೊದಲು ಹೋದದ್ದು ಚೆರ್ ಬ್ಲಿಯಾನ ಕುಲುಮೆಗೆ. ಬೇಡವೆಂದರೂ ಕೇಳದೆ ಹೊರಟರು, ಬೀಳಬಾರದೆಂದು ನಾನೂ ಹಿಂದೆ ಹೋದೆ. ಶೀಶೆಯನ್ನು ಕಬ್ಬಿಣ ಬಡಿಯುವ ಅಡಿಗಲ್ಲಿನ ಮೇಲಿಟ್ಟರು.

"ತಗೋ, ನಿನ್ನ ಮಾಲು."

ಚೆರ್ ಬ್ಲಿಯಾ ಅದನ್ನು ಅಂಗೈಗೆ ಸುರಿದುಕೊಂಡ. ಅವನ ಅಂಗೈ ಸುಟ್ಟು ಸುಟ್ಟು ಮರದ ಹಾಗಾಗಿದೆ. ಬೆರಳಿನಿಂದ ಹೊರಳಿಸಿ ನೋಡಿದ. ಆಮೇಲೆ, "ಏನು ಮಾಡ್ಲಿ ಇದನ್ನ?" ಅಂದ.

"ಗುದ್ದಲಿ ಮಾಡು. ಒಂದು ಗುದ್ದಲಿಗೆ ಸೇರಿಸಿ ಬಡಿ. ಇಷ್ಟು ವರ್ಷ ನನ್ನನ್ನ ಹೊಲ ಅಗೆಸಿದ್ರಲ್ಲ ಸುಳ್ಳು ಸುಳ್ಳೇ, ಇನ್ಮೇಲೆ ಇದು ನಿಜವಾಗಿ ಅಗೀಲಿ."

"ಇಷ್ಟು ಚೂರಿಂದ ಗುದ್ದಲಿಗೇನೂ ಆಗಲ್ಲ ಅಣ್ಣ."

"ಇಷ್ಟು ಚೂರಿಂದ ನನಗೇನಾಯ್ತು ನೋಡಿದ್ಯಲ್ಲ. ಬಡಿ."

ಚೆರ್ ಬ್ಲಿಯಾ ತಿದಿ ಒತ್ತಿದ. ಕಾಯಿಸಿದ ಕಬ್ಬಿಣದ ಪಟ್ಟಿಯ ನಡುವೆ ಆ ಚೂರನ್ನಿಟ್ಟು, ಮಡಿಚಿ, ಬಡಿದ. ಅವನ ಕಣ್ಣಲ್ಲಿ ನೀರು ಬಂತು. ಹೊಗೆ ಇರಬಹುದು, ಇಲ್ಲದೆಯೂ ಇರಬಹುದು. ನಾನು ನೋಡಿಯೂ ನೋಡದ ಹಾಗೆ ಬೂದಿಯ ಕಡೆ ಮುಖ ತಿರುಗಿಸಿದೆ. ಕೂಲಿ ಎಷ್ಟೆಂದು ಕೇಳಿದ್ದಕ್ಕೆ ನನ್ನನ್ನೇ ಗದರಿದ.

ಗುದ್ದಲಿಯನ್ನು ಮಾವ ಬಾಗಿಲ ಪಕ್ಕದಲ್ಲೇ ಒರಗಿಸಿಟ್ಟರು, ಒಳಗೆ ಬರುವವರೆಲ್ಲ ನೋಡಲಿ ಎಂದು. ಕೇಳಿದವರಿಗೆಲ್ಲ ಕಥೆ ಹೇಳಿದರು. ಕೇಳದವರಿಗೂ ಹೇಳಿದರು. ಗಾಯಗೊಂಡವರ ಸಭೆಗೆ ಕರೆಯಲು ಬಂದ ಹುಡುಗನ ಕೈಗೆ, ನನ್ನಿಂದಲೇ ಪೆಟ್ಟಿಗೆ ತೆಗೆಸಿ, ಕಂಬಳಿಗಳನ್ನೆಲ್ಲ ಹೊರಿಸಿ ಕಳಿಸಿದರು. "ಹೊಲ ಅಗೆದು ಗಾಯ ಆದೋರು ಎಷ್ಟೋ ಜನ ಇದಾರೆ. ಅವರಿಗೆ ಕೊಡಿ. ಇವು ನನ್ನವಲ್ಲ."

ಆ ತಿಂಗಳ ಕೊನೆಗೆ ಕಚೇರಿಯ ಕುರ್ಚಿ ಬೇರೆಯವರಿಗೆ ಹೋಯಿತು. ಯಾಕೆಂದು ಯಾರೂ ಹೇಳಲಿಲ್ಲ. ಈ ಕಾರಣಕ್ಕೇ ಎಂದು ನಾನು ಆಣೆ ಇಡಲಾರೆ, ಅಲ್ಲವೆಂದೂ ಆಣೆ ಇಡಲಾರೆ. ನನ್ನ ಗಂಡ ಮನೆಗೆ ಬಂದು ಸುದ್ದಿ ಹೇಳಿ, ಅಂಗಿ ಬಿಚ್ಚಿ, ಬಾಗಿಲ ಹತ್ತಿರವಿದ್ದ ಆ ಗುದ್ದಲಿಯನ್ನೇ ಹೆಗಲಿಗೇರಿಸಿಕೊಂಡು ಹೊಲಕ್ಕೆ ಹೋದರು. ಸಿಟ್ಟಿಗೆ ಕೈಗೆ ಸಿಕ್ಕಿದ್ದು ಅದು. ಕತ್ತಲಾಗುವವರೆಗೂ ಅಗೆದರು. ನಲ್ಲಿಯ ನೀರು ನನಗೆ ದಕ್ಕಲಿಲ್ಲವಲ್ಲ ಎಂದು ನಾನು ಒಲೆಯ ಮುಂದೆ ಕೂತು ಅತ್ತುಬಿಟ್ಟೆ. ಅಳಬಾರದೆಂದು ಯಾರು ಹೇಳಿದರು?

ಬಂದವರು ಗುದ್ದಲಿ ಒರಗಿಸಿ, ಎಷ್ಟೋ ವಾರಗಳ ಮೇಲೆ ಮೊದಲ ಸಲ ಅಪ್ಪನ ಕಡೆ ನೋಡಿ ಮಾತಾಡಿದರು.

"ಹಿಡಿ ಸಡಿಲ."

"ಚೆರ್ ಬ್ಲಿಯಾನ ಕೆಲಸವೇ ಅಷ್ಟು," ಅಂದರು ಮಾವ. "ಗುರಿನೂ ಹಾಗೇ ಸಡಿಲ. ಎದೆಗಿಟ್ಟದ್ದು ಸೊಂಟಕ್ಕೆ ಬಿತ್ತು."

ನನ್ನ ಗಂಡ ನಗಲಿಲ್ಲ. ಆದರೆ ಎದ್ದುಹೋಗಲೂ ಇಲ್ಲ. ಅಪ್ಪನ ಎದುರಿಗೇ ಕೂತು, "ಬಡಿಸು," ಅಂದರು. ನಾನು ಒಂದೇ ಸಲ ಬಡಿಸಿದೆ.

ಮಾವನಿಗೆ ನೂರಿಪ್ಪತ್ತು ತುಂಬಿದ್ದು ಬಿತ್ತನೆಗೆ ಮೊದಲು ಹೊಲ ಸುಡುವ ಕಾಲಕ್ಕೆ. ಬೆಟ್ಟದ ತುಂಬ ಹೊಗೆ ಎದ್ದಿತ್ತು, ಕೆಮ್ಮಿಗೆ ಅದು ಸಾಕಾಯಿತು. ನಾನು ಹೊಲಿದ ಬಟ್ಟೆ ಉಡಿಸಿದರು, ನಾರಿನ ಮೆಟ್ಟು ತೊಡಿಸಿದರು. ಸೊಂಟದ ಮೇಲೆ ಹೊಲಿದ ಗಾಯದ ಗುರುತು ಒಂದಿತ್ತು, ಅಷ್ಟೇ. ಒಳಗೆ ಏನೂ ಇರಲಿಲ್ಲ. ಡೋಲನ್ನು ನಡುಗಂಬಕ್ಕೆ ಕಟ್ಟಿದರು. ಮುವಾ ಮನೆತನದವರೆಲ್ಲ ಬಂದರು, ಅಕ್ಕಪಕ್ಕದ ಹಳ್ಳಿಯವರು ಬಂದರು. ಸೋಂಫೋನ್ ಸಾಹೇಬರೂ ಕಚೇರಿಯ ಇಬ್ಬರನ್ನು ಕರೆದುಕೊಂಡು ಬಂದು ಬಾಗಿಲ ಬಳಿಯ ಬೆಂಚಿನ ಮೇಲೆ ಕೂತರು. ಅಂಗಳದಲ್ಲಿ ಹಂದಿಗಳಿದ್ದವು, ಕೋಳಿಗಳಿದ್ದವು. ಎತ್ತಿರಲಿಲ್ಲ. ಬಂದವರ ಕಣ್ಣು ಮೊದಲು ಎತ್ತು ಕಟ್ಟಬೇಕಾದ ಖಾಲಿ ಗೂಟದ ಕಡೆ ಹೋಗುತ್ತಿತ್ತು, ಆಮೇಲೆ ನನ್ನ ಗಂಡನ ಕಡೆ. ಹೆಂಗಸರು ನನ್ನ ಬೆನ್ನ ಹಿಂದೆ ಗುಸುಗುಸು ಶುರು ಮಾಡಿದ್ದರು.

ಮಗನಾದವನು ಹಿರಿಯರ ಎದುರು ಮಂಡಿಯೂರಿ ಕೂರಬೇಕು, ಹಿರಿಯರು ಕೇಳಿದ್ದಕ್ಕೆಲ್ಲ ಉತ್ತರ ಕೊಡಬೇಕು. ನನ್ನ ಗಂಡ ಮಂಡಿಯೂರಿದರು. ಮನೆತನದ ಹಿರಿಯನಾಗಿ ಚೆರ್ ಬ್ಲಿಯಾ ಎದುರಿಗೆ ನಿಂತ. ಡೋಲು ನಿಂತಿತು.

"ತುವಾ," ಅಂದ ಚೆರ್ ಬ್ಲಿಯಾ, ಎಲ್ಲರಿಗೂ ಕೇಳುವ ಹಾಗೆ. "ನಿನ್ನಪ್ಪನ ಎತ್ತೆಲ್ಲಿ?"

ನನ್ನ ಮೈಯೆಲ್ಲ ಉರಿದುಹೋಯಿತು. ಅವನಿಗೆ ಗೊತ್ತಿಲ್ಲವೇ? ಆ ಚೂರನ್ನು ಅಂಗೈಯಲ್ಲಿ ಹಿಡಿದು ನೋಡಿದವನು ಅವನೇ, ಬಡಿದವನು ಅವನೇ. ಇಷ್ಟು ಜನರ ಮುಂದೆ, ಆ ಸಾಹೇಬರ ಮುಂದೆ ಮಾನ ಕಳೆಯಬೇಕೇ? ನಾನು ಒಂದು ಹೆಜ್ಜೆ ಮುಂದಿಟ್ಟೆ. ಚೆರ್ ಬ್ಲಿಯಾ ನನ್ನ ಕಡೆ ಒಂದು ಸಲ ನೋಡಿ ಕಣ್ಣಲ್ಲೇ ನಿಲ್ಲಿಸಿದ. ಆಗ ನನಗೆ ತಿಳಿಯಿತು, ಅವನು ಗೊತ್ತಿಲ್ಲದೆ ಕೇಳುತ್ತಿರಲಿಲ್ಲ.

ನನ್ನ ಗಂಡ ನೆಲ ನೋಡುತ್ತ, "ಮಾರಿದ್ವಿ ಚಿಕ್ಕಪ್ಪ," ಅಂದರು.

"ಯಾಕೆ?"

"ಅಪ್ಪನ ಸೊಂಟದ ಕಬ್ಬಿಣ ತೆಗೆಸೋಕೆ."

"ಅವನ ಸೊಂಟಕ್ಕೆ ಕಬ್ಬಿಣ ಎಲ್ಲಿಂದ ಬಂತು?"

ನನ್ನ ಗಂಡ ತಲೆ ಎತ್ತಿದರು. ಬೆಂಚಿನ ಕಡೆ ನೋಡಿದರು, ಅಲ್ಲಿಂದ ಕಣ್ಣು ತೆಗೆಯದೆ ಹೇಳಿದರು.

"ಯುದ್ಧದಲ್ಲಿ. ನಮ್ಮಪ್ಪ ಸಿಪಾಯಿ. ರಾಜನ ಕಡೆ. ಹೊಲ ಅಗೀತಿರ್ಲಿಲ್ಲ."

"ಜೋರಾಗಿ ಹೇಳು. ಮಲಗಿರೋನಿಗೂ ಕೇಳಿಸ್ಲಿ."

"ನಮ್ಮಪ್ಪ ಸಿಪಾಯಿ," ಅಂದರು ನನ್ನ ಗಂಡ. ಈ ಸಲ ಅಂಗಳದ ಕೊನೆಯಲ್ಲಿ ಅಕ್ಕಿ ಬೇಯಿಸುತ್ತಿದ್ದವರೂ ತಿರುಗಿ ನೋಡಿದರು. "ನಿಂತಿದ್ದ. ನಿಂತಾಗ ಬಿದ್ದದ್ದು. ಆ ಕಬ್ಬಿಣ ಈಗ ಬಾಗಿಲ ಹತ್ರ ಗುದ್ದಲೀಲಿದೆ. ಬೇಕಾದೋರು ಹೋಗಿ ನೋಡ್ಕೊಳ್ಳಿ."

ಚೆರ್ ಬ್ಲಿಯಾ ಬಗ್ಗಿ ನನ್ನ ಗಂಡನ ತೋಳು ಹಿಡಿದು ಮೇಲಕ್ಕೆತ್ತಿದ. ಆಮೇಲೆ ಜನರ ಕಡೆ ತಿರುಗಿದ.

"ಎತ್ತಿನ ಲೆಕ್ಕ ಮುಗೀತು. ಇನ್ನು ಯಾರೂ ಕೇಳೋ ಹಾಗಿಲ್ಲ," ಅಂದ. "ಡೋಲು ಹೊಡೀರಿ."